ಯಾರೂ ನೋಡದ ದೃಶ್ಯ

ಕನ್ನಡಕದಂಗಡಿಯಲ್ಲಿ ಅಕ್ಕ ಗಿರಾಕಿಗಳನ್ನು ನೋಡಿಕೊಂಡರೆ, ತಮ್ಮ ಒಳಗೆ ಕೂತು ಗಾಜು ಉಜ್ಜುತ್ತಿದ್ದ. ಮಧ್ಯಾಹ್ನ ಬಾಗಿಲು ಹಾಕಿದ್ದೇ ತಡ, ಎದುರು ಬೀದಿಯ ಟಾಕೀಸಿಗೆ ಅವನ ಓಟ. ಆಮೇಲೆ ಅಂಗಡಿಗೆ ಬಂದವರಿಗೆಲ್ಲ ಪುಕ್ಕಟೆ ವಿಮರ್ಶೆ.

"ದೆವ್ವದ ಪಿಕ್ಚರ್ ಅಂತೆ! ದೆವ್ವಕ್ಕಿಂತ ಹೀರೋಯಿನ್ ಮೇಕಪ್ಪೇ ಹೆದರಿಸ್ತು. ಆ ಪೊಲೀಸ್ ಕಥೆನಾ? ಇಂಟರ್ವಲ್ ತನಕ ಓಡುತ್ತೆ, ಆಮೇಲೆ ಕುಂಟುತ್ತೆ."

ಇಂಥವನು, ಊರೆಲ್ಲ ಬೈದ ಹಡಗಿನ ಸಿನಿಮಾವನ್ನು ಬಾಯ್ತುಂಬ ಹೊಗಳಿದಾಗ ಪಕ್ಕದಂಗಡಿಯ ದರ್ಜಿ ಕಣ್ಣುಬಾಯಿ ಬಿಟ್ಟ.

"ಕಥೆ ನೀರಲ್ಲಿ ಹೋಮ, ಬಿಡಿ. ಆದ್ರೆ ಮಧ್ಯೆ ಒಬ್ಬ ಹೆಂಗಸು ಬರ್ತಾಳಲ್ಲ, ಸಣ್ಣ ಅಡುಗೆಮನೇಲಿ ತಟ್ಟೆ ಇಟ್ಕೊಂಡು ಯಾರನ್ನೋ ಕಾಯ್ತಾ? ಒಂದು ಮಾತಿಲ್ಲ. ಅದು ಕಣ್ರೀ ನಟನೆ!"

"ನಾನೂ ನೋಡಿದೀನಪ್ಪ. ಇಡೀ ಸಿನಿಮಾ ಹಡಗಿನ ಮೇಲೇ ನಡೆಯುತ್ತೆ. ಅಡುಗೆಮನೆ ಎಲ್ಲಿಂದ ಬಂತು? ನಿದ್ದೆ ಹೊಡೆದಿರ್ತೀಯ."

ಮುಂದಿನ ವಾರ ಕಾರ್ ರೇಸಿನ ಸಿನಿಮಾ. ಅದರಲ್ಲೂ ಅದೇ ಹೆಂಗಸು, ಅದೇ ಅಡುಗೆಮನೆ. "ಈ ಸಲ ಎದ್ದು ಬಾಗಿಲ ತನಕ ಬಂದಳಕ್ಕ," ಎಂದ ತಮ್ಮ, ಊಟಕ್ಕೆ ಕೂತಾಗ.

"ನೋಡೋಕೆ ಹೇಗಿದ್ದಾಳೋ?" ಅಕ್ಕ ತಮಾಷೆಗೇ ಕೇಳಿದಳು.

"ಸೌಟು ಎಡಗೈಲಿ ಹಿಡೀತಾಳೆ. ಗದ್ದದ ಮೇಲೆ ಸುಟ್ಟ ಕಲೆ."

ಅಕ್ಕನ ತುತ್ತು ಕೈಯಲ್ಲೇ ಉಳಿಯಿತು. ಅವನು ಅಂಬೆಗಾಲಿಡುತ್ತಿದ್ದಾಗಲೇ ಅಮ್ಮ ತೀರಿಕೊಂಡಿದ್ದಳು. ಒಂದು ಫೋಟೋ ಕೂಡ ಉಳಿದಿರಲಿಲ್ಲ. ಆ ಕಲೆಯ ಸುದ್ದಿಯನ್ನು ಅಕ್ಕ ಯಾರ ಮುಂದೆಯೂ ಎತ್ತಿದವಳಲ್ಲ. ಅಮ್ಮನ ಗದ್ದದ ಮೇಲೂ ಅಂಥದೇ ಕಲೆ ಇತ್ತೆಂದು ಈಗ ತಡೆತಡೆದು ಹೇಳಿದಳು. ತಮ್ಮ ತಟ್ಟೆ ಪಕ್ಕಕ್ಕೆ ಸರಿಸಿದ.

"ಹಾಗಾದ್ರೆ ನಾಳೆ ನೀನೂ ಬಾ," ಎಂದ.

ಮ್ಯಾಟಿನಿಗೆ ಜನವೇ ಇರಲಿಲ್ಲ. ಪರದೆ ತುಂಬ ಕಾರು, ದೂಳು. ನಡುವೆ ತಮ್ಮ ಅವಳ ಮಣಿಕಟ್ಟು ಹಿಡಿದ. "ಬಂದಳು, ನೋಡು."

ಅಕ್ಕನಿಗೆ ಕಂಡದ್ದು ದೂಳು ಮಾತ್ರ.

"ಕರೀತಿದ್ದಾಳಕ್ಕ."

"ಹೋಗಬೇಡ!" ಯಾಕೆ ಹಾಗೆಂದಳೋ ಅವಳಿಗೇ ತಿಳಿಯದು. ಅಷ್ಟರಲ್ಲಿ ಅವನ ಕೈ ತಣ್ಣಗಾಗಿ ಸಡಿಲವಾಯಿತು. ಆಗ ಅವಳಿಗೂ ಕಂಡಿತು. ಅಡುಗೆಮನೆಯಲ್ಲಿ ಅಮ್ಮ, ಈಗಿನ ಅಕ್ಕನಿಗಿಂತ ಎಷ್ಟೋ ಚಿಕ್ಕವಳು. ಅವಳೆದುರು, ಇತ್ತ ಬೆನ್ನು ಹಾಕಿ ಕೂತ ಗಂಡಸು. ತಮ್ಮ ತೊಟ್ಟಿದ್ದ ಅದೇ ನೀಲಿ ಅಂಗಿ, ತೋಳಿನ ಮೇಲೆ ಗಾಜಿನ ಬಿಳಿ ಪುಡಿ. ಅಮ್ಮ ಅವನ ತಲೆ ನೇವರಿಸಿದಳು.

ಅಕ್ಕ ಬೆಚ್ಚಿ ಪಕ್ಕಕ್ಕೆ ತಿರುಗಿದಳು. ತಮ್ಮ ಅಲ್ಲೇ ಇದ್ದ. "ಏನಾಯ್ತಕ್ಕ?" ಎಂದು ಆಕಳಿಸಿದ.

ಆಮೇಲೂ ಅವನು ಉಂಡ, ದುಡಿದ, ನಕ್ಕ. ಆದರೆ ಮಧ್ಯಾಹ್ನ ಬಾಗಿಲು ಹಾಕಿದರೆ ಚಾಪೆ ಬಿಚ್ಚಿ ಮಲಗುತ್ತಿದ್ದ. ಹೊಸ ಪಿಕ್ಚರ್ ಹೇಗಿದೆ ಎಂದು ದರ್ಜಿ ಕೇಳಿದರೆ, "ನನಗೆ ಆ ಹುಚ್ಚೆಲ್ಲ ಇಲ್ಲಪ್ಪ," ಎಂದುಬಿಟ್ಟ. ದರ್ಜಿ ನಕ್ಕ. ಅಕ್ಕನಿಗೆ ನಗು ಬರಲಿಲ್ಲ. ಒಮ್ಮೆ ಅಮ್ಮನ ಮಾತೆತ್ತಿದಳು.

"ಅಮ್ಮ ನೋಡೋಕೆ ಹೇಗಿದ್ದಳಕ್ಕ?" ಎಂದು ಕೇಳಿದ, ಎಂದೂ ಏನೂ ಕೇಳಿರದವನಂತೆ.

ಮಾರನೆಯ ದಿನ ಅವಳೊಬ್ಬಳೇ ಟಾಕೀಸಿಗೆ ಹೋದಳು. ನಗೆಚಿತ್ರ, ಸುತ್ತ ಜನ ಬಿದ್ದು ಬಿದ್ದು ನಗುತ್ತಿದ್ದರು. ಅಡುಗೆಮನೆ ಬಂತು. ಅಲ್ಲಿ ತಮ್ಮ ಊಟ ಮರೆತು, ಕೈ ಬೀಸಿ ಬೀಸಿ ಯಾವುದೋ ಸಿನಿಮಾವನ್ನು ಹೀಯಾಳಿಸುತ್ತಿದ್ದ. ಮಾತು ಕೇಳಿಸುತ್ತಿರಲಿಲ್ಲ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಅಕ್ಕ ತನಗರಿವಿಲ್ಲದೆ ಎದ್ದು ನಿಂತಳು. ಅವರಿಬ್ಬರೂ ಮಾತು ನಿಲ್ಲಿಸಿ ಅವಳತ್ತಲೇ ನೋಡಿದರು. ಅಮ್ಮ ಇನ್ನೊಂದು ಕುರ್ಚಿ ಎಳೆದಳು.

ಅಕ್ಕ ಹಿಂದೆ ತಿರುಗಿ ನೋಡದೆ ಹೊರಗೆ ಬಂದಳು.

ಅಂಗಡಿಯೊಳಗೆ ಗಾಜು ಉಜ್ಜುವ ಸದ್ದು ನಡೆದೇ ಇತ್ತು. "ಎಲ್ಲಿಗೆ ಹೋಗಿದ್ದೆ ಅಕ್ಕ?"

"ಎಲ್ಲೂ ಇಲ್ಲ ಕಣೋ."

ಅವನ ಪಕ್ಕ ಕೂತಳು. ತಣ್ಣಗಿದೆಯೋ ಎಂದು ಅವನ ಕೈ ಮುಟ್ಟಿ ನೋಡಲು ಮಾತ್ರ ಧೈರ್ಯ ಬರಲಿಲ್ಲ.