ಇಪ್ಪತ್ತೆರಡು ಡಾಕ್ಟರರೂ ಮುತ್ತನ ಕಾಲೂ

"ಹ್ವಾಯ್ ಮುತ್ತ, ಎಂತ ಮಾರಾಯಾ, ಸೀದಾ ಕುರ್ಚಿಗೇ ಕುಂಡಿ ಊರಿದ್ಯಲ್ಲಾ! ಏಳ್, ಕೆಳ್ಗ್ ಕೂಕೊ. ಕೀವ್ ತಾಗಿರೆ ನಿನ್ನಪ್ಪ ಬಂದ್ ತೊಳಿತ್ನಾ?"

ಮೆಡಿಕಲ್ ಕಾಲೇಜಿನ ಜವಾನ ಭೋಜ ಹಾಗೆಂದಾಗ ಮುತ್ತ ಎದ್ದ. ಎದ್ದು ಅಭ್ಯಾಸವಿತ್ತು. ಹೆಂಡತಿ ಅಕ್ಕು ಅವನ ಕಂಕುಳಿಗೆ ಕೈ ಕೊಟ್ಟು, ಕುಂದಾಪುರದ ಆ ಹೋಟೆಲ್ ಹಾಲಿನ ನುಣುಪು ನೆಲದ ಮೇಲೆ ಕೂರಿಸಿದಳು. ಬಲಗಾಲಿನ ಬ್ಯಾಂಡೇಜು ಆಗಲೇ ಹಳದಿಯಾಗಿತ್ತು. ಸಕ್ಕರೆ ಕಾಯಿಲೆಯ ಹುಣ್ಣು. ಬಳ್ಳಿಗಾಗಿ ಕಾಡು ಸುತ್ತುವ ಕಾಲು ಅದು. ಅದು ಹೋದರೆ ಬಾರ್ಕೂರಿನಾಚೆಯ ಕೊರಗರ ಕಾಲೊನಿಯಲ್ಲಿ ಅಕ್ಕು ಹೆಣೆಯುವ ಹೆಡಿಗೆಯೂ ಹೋದಂತೆ. ಇವತ್ತು ಸರ್ಕಾರಿ ಆಸ್ಪತ್ರೆಯಲ್ಲಿ ಹುಣ್ಣು ತೊಳೆಸುವ ದಿನ. ತಪ್ಪಿಸಿದರೆ ಕಾಲು ಕತ್ತರಿಸಬೇಕಾದೀತು ಎಂದು ನರ್ಸ್ ಹೇಳಿದ್ದಳು. ಆದರೆ "ದೊಡ್ಡ ದೊಡ್ಡ ಡಾಕ್ಟ್ರೇ ಕಾಂತ್ರ್, ಬನಿ" ಎಂದು ಭೋಜ ಜೀಪು ತಂದು ನಿಲ್ಲಿಸಿದ್ದ. ದೊಡ್ಡವರೇ ಕಾಲು ನೋಡುತ್ತಾರೆಂದು ಇವರು ಹತ್ತಿಬಿಟ್ಟಿದ್ದರು.

ಪ್ರೊಫೆಸರ್ ರವಿಚಂದ್ರ ಬಂದವರೇ ಭೋಜನನ್ನು ಗದರಿದರು. "ನೆಲದ ಮೇಲೆ ಕೂರಿಸೋದಾ? ಸಮಾನತೆ ಅಂದ್ರೆ ಏನು ಅಂತ ಗೊತ್ತಿಲ್ವಾ ನಿಂಗೆ?" ತಾವೇ ಮುತ್ತನ ಕೈಹಿಡಿದು ವೇದಿಕೆಯ ಮೇಲಿನ ಕುರ್ಚಿಯಲ್ಲಿ ಕೂರಿಸಿದರು. ಒಳ್ಳೆಯ ಮನುಷ್ಯ. ಅಕ್ಕುವಿಗೆ ಹೋದ ಜೀವ ಬಂದಂತಾಯಿತು.

ಪರದೆಯ ಮೇಲೆ 'ಆರೋಗ್ಯ ಸಮಾನತೆ: ಬೋಧಕರ ತರಬೇತಿ' ಎಂದಿತ್ತು. ಬೋಧಕರೆಂದರೆ ಡಾಕ್ಟರಾಗುವವರಿಗೆ ಪಾಠ ಹೇಳುವ ಡಾಕ್ಟರರು, ಇಪ್ಪತ್ತೆರಡು ಜನ. ಬಡ ರೋಗಿಯ ಹತ್ತಿರ ಪ್ರೀತಿಯಿಂದ ಮಾತಾಡುವುದು ಹೇಗೆಂಬುದು ಇವತ್ತಿನ ಪಾಠ. ಇಂಥ ಪಾಠಕ್ಕೆ ರೋಗಿಯ ವೇಷ ಹಾಕಿದ ನಟರನ್ನು ಕೂರಿಸುವುದೂ ಉಂಟು.

ಒಬ್ಬೊಬ್ಬರಾಗಿ ಬಂದರು. ಮುತ್ತನ ಎದುರು ಕೂತು, ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು. ಎಲ್ಲಿ ನೋವು ಅಜ್ಜಾ? ಎಷ್ಟು ಸಮಯ ಆಯ್ತು?

"ಕಾಲ್, ಒಡ್ಯಾ. ಎರಡ್ ತಿಂಗ್ಳ್."

ಪ್ರೊಫೆಸರರು ಹತ್ತಕ್ಕೆ ಅಂಕ ಹಾಕುತ್ತಾ ಹೋದರು. ಹದಿನಾಲ್ಕನೆಯವರು ಬರುವಷ್ಟರಲ್ಲಿ ಮುತ್ತ ಪಳಗಿದ್ದ. ಅವರು ಬಾಯಿ ತೆರೆಯುವ ಮೊದಲೇ ಉತ್ತರ ಹೇಳಿಬಿಟ್ಟ. ಅವರಿಗೆ ಅಂಕ ಕಡಿಮೆ ಬಿತ್ತು.

ಮೋಕ್ಷಿತಾ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ತನ್ನ ಸರದಿ ಮುಗಿಸಿ ಬಂದು ಪಕ್ಕದವಳ ಕಿವಿಯಲ್ಲಿ, "ಎಷ್ಟ್ ಲಾಯ್ಕ್ ಏಕ್ಟಿಂಗ್ ಮಾಡ್ತ್ರ್ ಮಾರಾಯ್ತಿ! ಬ್ಯಾಂಡೇಜಿಗ್ ವಾಸ್ನಿ ಸಮೇತ ಹಾಕಿರ್" ಎಂದಳು. ಹಿಂದೆ ಗೋಡೆಗೊರಗಿ ನಿಂತಿದ್ದ ಅಕ್ಕುವಿಗೆ ಅದು ಸರಿಯಾಗಿಯೇ ಕೇಳಿಸಿತು.

ಇಪ್ಪತ್ತೆರಡೂ ಮುಗಿಯಿತು. ಚಪ್ಪಾಳೆ ಬಿತ್ತು. ಊಟಕ್ಕೆ ಏಳೋಣ ಎಂದರು ಪ್ರೊಫೆಸರರು.

"ಡಾಕ್ಟ್ರೆ, ಕಾಲ್ ಕಾಣುದಿಲ್ಯಾ?" ಅಕ್ಕು ಕೇಳಿದಳು.

"ಇವತ್ತು ಮಾತಾಡುವ ಪಾಠ ಮಾತ್ರ ಅಮ್ಮಾ. ಮುಟ್ಟಿ ನೋಡೋದು ಮುಂದಿನ ತರಬೇತಿಯಲ್ಲಿ."

ಅಕ್ಕು ವೇದಿಕೆ ಹತ್ತಿದಳು. ಮುತ್ತನ ಕಾಲನ್ನೆತ್ತಿ ಬಿಳಿ ಬಟ್ಟೆ ಹಾಸಿದ ಮೇಜಿಗೆ, ಅಂಕದ ಹಾಳೆಗಳ ಮೇಲೇ ಇಟ್ಟಳು. ಹೆಣಿಗೆ ತಪ್ಪಿದ ಹೆಡಿಗೆಯ ಬಳ್ಳಿ ಬಿಚ್ಚುವ ಹಾಗೆ ಒಂದೊಂದೇ ಸುತ್ತು ಬ್ಯಾಂಡೇಜು ಬಿಚ್ಚಿದಳು. ಹೆಬ್ಬೆರಳು ಕಪ್ಪಾಗಿತ್ತು. ಎ.ಸಿ. ಹಾಲಿನ ಕಿಟಕಿಗಳೆಲ್ಲ ಮುಚ್ಚಿದ್ದವು.

"ಅಯ್ಯಬ್ಬೆ, ಖರೇದೇ!" ಎಂದಳು ಮೋಕ್ಷಿತಾ.

"ಇಷ್ಟ್ ಜನ ಕೇಂಡ್ರಿ, ಒಬ್ರಾರೂ ಕಂಡ್ರ್ಯಾ ಬೇವರ್ಸಿಗಳಾ?" ಎಂದಳು ಅಕ್ಕು. "ಈ ಕಾಲ್ ಕಾಣ್ದೆ ಒಬ್ರಿಗೂ ಊಟ ಇಲ್ಲೆ."

ಪ್ರೊಫೆಸರರ ಕುರ್ಚಿಯನ್ನು ದರದರ ಎಳೆದುಕೊಂಡು ಹೋಗಿ ಬಾಗಿಲಿಗೆ ಅಡ್ಡ ಹಾಕಿ, ಅದರ ಮೇಲೆ ಕಾಲು ಮಡಚಿ ಕೂತಳು. ಹೊರಗೆ ಭೋಜ ಅನ್ನದ ಪಾತ್ರೆ ಹಿಡಿದು ನಿಂತಿದ್ದ. ಒಳಗೆ ಇಪ್ಪತ್ತೆರಡು ಡಾಕ್ಟರರು ಮೂಗು ಮುಚ್ಚಿಕೊಂಡು ನಿಂತಿದ್ದರು. ವೇದಿಕೆಯ ಮೇಲೆ ಮುತ್ತ, ಇನ್ನೂ ಯಾರೋ ಕೇಳುತ್ತಿದ್ದಾರೆಂದುಕೊಂಡು, ಒಂದೇ ಸಮನೆ ಹೇಳುತ್ತಿದ್ದ: "ಕಾಲ್, ಒಡ್ಯಾ. ಎರಡ್ ತಿಂಗ್ಳ್."