ಬರ್ಲಿ ಬರ್ಲಿ

ಕಾರಿನ ಹಿಂದಿನ ಬಂಪರಿನಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡ ನಾಲ್ಕು ಕಪ್ಪು ಬೊಟ್ಟುಗಳಿದ್ದವು. ಎರಡನ್ನು ತಿಕ್ಕಿ ಮುಗಿಸಿದ್ದ ದಶರಥ ಮೂರನೆಯದಕ್ಕೆ ನಾರು ಹಚ್ಚಿ, ಡಾಂಬರಿನ ಕಲೆ ಇರಬೇಕು, ಎಷ್ಟು ತಿಕ್ಕಿದರೂ ಹೋಗವಲ್ಲದು ಎಂದು ಗೊಣಗುತ್ತ ಉಗುರಿನಿಂದ ಕೆರೆಯಲು ನೋಡಿದ. ಬ್ಯಾಗು ಹಿಡಿದು ಹೊರಗೆ ಬಂದ ಮಗಳು ಮೈತ್ರಿ ಅಲ್ಲೇ ನಿಂತಳು.

"ಅಪ್ಪಾ, ಅದು ಕಲೆ ಅಲ್ಲ, ಸೆನ್ಸರು. ಗಾಡಿದು ಕಣ್ಣು. ಕಣ್ಣಾಗ ನಾರು ಹಾಕಿ ತಿಕ್ಕಾಕತ್ತೀಯಲ್ಲ ನೀ."

"ಹಿಂದ ನಾಕ್ ಕಣ್ಣು? ನಮ್ಮ ಗಾಡಿಗೆ ಹಿಂದ ಎರಡೇ ಇದ್ವು. ಅವೂ ಬೀಡಿ ಸೇದತಿದ್ವು."

ಬಾಗಿಲ ಕಟ್ಟೆಯ ಮೇಲೆ ಮೊರ ಹಿಡಿದು ತೊಗರಿಬೇಳೆ ಆರಿಸುತ್ತಿದ್ದ ಹೆಂಡತಿ ಮಲ್ಕಮ್ಮ ನಕ್ಕಳು. ದಶರಥನೂ ನಕ್ಕ. ನಗು ಮುಗಿಯುವುದರೊಳಗೆ ಅವನ ಮುಖ ಇಳಿಯಿತು. ಆ ಎರಡು ಕಣ್ಣು ಕಂಡಕ್ಟರ್ ಹಸನಸಾಬನವು. ಆತನ ಮಾತು ಅಫಜಲಪುರದ ಈ ಮನೆಯಲ್ಲಿ ನಗೆಯ ಜೊತೆ ಎದ್ದು ಒಂಬತ್ತು ವರ್ಷವಾಗಿತ್ತು. ಇವತ್ತು ತನ್ನ ಬಾಯಿಂದಲೇ ಜಾರಿಬಿತ್ತು.

ದಶರಥ ಮೂವತ್ತೊಂದು ವರ್ಷ ಸರಕಾರಿ ಬಸ್ಸು ಹೊಡೆದವನು. ಅದರಲ್ಲಿ ಹದಿನಾರು ವರ್ಷ ಆಳಂದದಿಂದ ಅಫಜಲಪುರ, ಅಫಜಲಪುರದಿಂದ ಜೇವರ್ಗಿ, ತಿರುಗಿ ಅದೇ ದಾರಿ. ಹದಿನಾರೂ ವರ್ಷ ಬಾಗಿಲಲ್ಲಿ ನಿಂತವನು ಹಸನಸಾಬ. ಇಬ್ಬರ ಬುತ್ತಿಯೂ ಡ್ರೈವರನ ಪಕ್ಕದ ಇಂಜಿನ್ ಬಾನೆಟ್ಟಿನ ಮೇಲೆ ಬೆಚ್ಚಗೆ ಕೂತು ಪ್ರಯಾಣ ಮಾಡುತ್ತಿದ್ದವು. ಮಲ್ಕಮ್ಮನ ಸಜ್ಜೆ ರೊಟ್ಟಿಯನ್ನು ಹಸನಸಾಬ ತಿನ್ನುತ್ತಿದ್ದ, ಅವನ ಹೆಂಡತಿ ಮೆಹರಾಜಬೇಗಂ ಕಟ್ಟಿದ ಹುಳಿಬೇಳೆಯನ್ನು ದಶರಥ ಬೆರಳು ನೆಕ್ಕಿ ಉಣ್ಣುತ್ತಿದ್ದ. ಸಾಲಿ ರಜೆಯಲ್ಲಿ ಸಣ್ಣ ಮೈತ್ರಿ ಅದೇ ಬಾನೆಟ್ಟಿನ ಮೇಲೆ ಕೂತು ಬರುತ್ತಿದ್ದಳು. ಮುಗಿದ ಟಿಕೆಟ್ ಪುಸ್ತಕದ ರಟ್ಟುಗಳನ್ನು ಹಸನಸಾಬ ಅವಳಿಗೇ ಎಂದು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿರುತ್ತಿದ್ದ.

ಬಸ್ಸು ಹಿಂದೆ ತಗೊಳ್ಳುವಾಗಂತೂ ಹಸನಸಾಬನದು ಒಂದು ಸಂಗೀತವೇ ಆಗಿತ್ತು. ಕೆಳಗಿಳಿದು ಬಸ್ಸಿನ ಬೆನ್ನಿಗೆ ಕೈ ಹಚ್ಚುತ್ತಿದ್ದ. ಜಾಗ ಬೇಕಾದಷ್ಟಿದ್ದರೆ ತಗಡಿನ ಮೇಲೆ ಪಟಪಟಪಟ ಎಂದು ಬಡಿದು, "ಬರ್ಲಿ ಬರ್ಲಿ ಬರ್ಲಿ ಉಸ್ತಾದ್" ಎಂದು ಒಂದೇ ಉಸಿರಿನಲ್ಲಿ ಕೂಗುತ್ತಿದ್ದ. ಜಾಗ ಕಡಿಮೆಯಾದಂತೆ ಬಡಿತವೂ ನಿಧಾನ, ದನಿಯೂ ನಿಧಾನ. "ಬರ್ಲೀ… ಬರ್ಲೀ…" ಕೊನೆಗೆ ಅಂಗೈಯಿಂದ ಒಂದೇ ಒಂದು ದಪ್ಪನೆ ಏಟು. ಅಂದರೆ ನಿಲ್ಲು. ಆ ಏಟು ಬಿದ್ದ ಮೇಲೆ ದಶರಥ ಕನ್ನಡಿ ಕೂಡ ನೋಡುತ್ತಿರಲಿಲ್ಲ, ಬ್ರೇಕು ಒತ್ತುತ್ತಿದ್ದ.

ಒಂದೇ ಒಂದು ದಿನ ಬಿಟ್ಟರೆ.

ಆ ದಿನ ಮಣ್ಣೂರಿನಲ್ಲಿ ಬಸ್ಸು ಹಿಂದೆ ಸರಿದು ಒಂದು ಚಹಾದ ಅಂಗಡಿಯ ಚಪ್ಪರ ಕೆಡವಿತು. ಒಲೆಯ ಮೇಲಿದ್ದ ಹಾಲು ಅಂಗಡಿಯವನ ಕಾಲ ಮೇಲೆ ಚೆಲ್ಲಿ, ಅವನು ಎರಡು ತಿಂಗಳು ನೆಟ್ಟಗೆ ನಡೆಯಲಿಲ್ಲ. ಡಿಪೊದಲ್ಲಿ ವಿಚಾರಣೆ ನಡೆಯಿತು. ಕಂಡಕ್ಟರ್ ನಿಲ್ಲಿಸಲು ಸೂಚನೆ ಕೊಟ್ಟಿದ್ದನೇ ಎಂದು ದಶರಥನನ್ನು ಬರಹದಲ್ಲಿ ಕೇಳಿದರು. ಅವನು ಬರೆದದ್ದು ಎರಡೇ ಮಾತು: ನನಗೆ ಕೇಳಿಸಲಿಲ್ಲ.

ಹಸನಸಾಬ ಏಟು ಹೊಡೆಯಲಿಲ್ಲ ಎಂದು ನಾನು ಬರೆದಿಲ್ಲವಲ್ಲ, ನನ್ನ ಕಿವಿಯ ಸುದ್ದಿ ಅಷ್ಟೇ ಬರೆದೆ ಎಂದು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡನೋ ಲೆಕ್ಕವಿಲ್ಲ. ಆದರೆ ತಪ್ಪು ಹೋಗಿ ಕೂತದ್ದು ಹಸನಸಾಬನ ತಲೆಯ ಮೇಲೆ. ಕೆಲಸದಲ್ಲಿ ಬೇಜವಾಬ್ದಾರಿ ಎಂದು ಬರೆದು ಅವನನ್ನು ದೂರದ ಡಿಪೊಕ್ಕೆ ಹಾಕಿದರು. ದಶರಥನಿಗೆ ನಿವೃತ್ತಿಯ ದಿನ ಅಪಘಾತ ಮಾಡದ ಚಾಲಕನೆಂದು ಬೆಳ್ಳಿಯ ಬಿಲ್ಲೆ ಚುಚ್ಚಿದರು. ಹೋದ ವರ್ಷ ಹಸನಸಾಬನೂ ನಿವೃತ್ತನಾಗಿ ಆಳಂದದ ಮನೆಗೆ ಬಂದಿದ್ದಾನೆಂದು ಸುದ್ದಿ ಬಂತು. ದಶರಥ ಈ ಒಂಬತ್ತು ವರ್ಷವೂ ಅವನಿಗೊಂದು ಕಾಗದ ಬರೆಯಲು ವರ್ಷಕ್ಕೊಮ್ಮೆಯಾದರೂ ಕೂಡುತ್ತಿದ್ದ. ಎರಡನೆಯ ಸಾಲು ದಾಟುತ್ತಿರಲಿಲ್ಲ. ನಿಜ ಬರೆದರೆ ಹೆಂಡತಿಗೆ, ಮಗಳಿಗೆ ಏನೆಂದು ಹೇಳಬೇಕು? ತಪ್ಪು ಹಸನ್ ಕಾಕಾನದೇ ಎಂದು ಮೈತ್ರಿ ಇಷ್ಟು ದಿನ ನಂಬಿದ್ದಳು. ಅಪ್ಪ ಸುಳ್ಳುಗಾರ ಎಂದು ಅವಳು ಒಂದು ದಿನ ತಿಳಿಯಬೇಕಾಗುತ್ತಿತ್ತು, ಅದೊಂದೇ ಅವನಿಗೆ ದಾಟಲಾಗದ ಹಳ್ಳ.

ಮೈತ್ರಿ ಈಗ ದನಗಳ ಡಾಕ್ಟರು. ಗಂಡ ಬೇರೆ ಊರಿನಲ್ಲಿ ನೌಕರಿಯಲ್ಲಿದ್ದ, ಅವಳಿಗೆ ಜೇವರ್ಗಿಗೆ ವರ್ಗವಾಗಿತ್ತು. ಹಳ್ಳಿ ಹಳ್ಳಿ ತಿರುಗಬೇಕು ಎಂದು ಕಾರು ತಗೊಂಡಿದ್ದಳು. ಲೈಸೆನ್ಸು ಸಿಕ್ಕು ತಿಂಗಳಾಗಿತ್ತು, ಕೈಯ ಹೆದರಿಕೆ ಇನ್ನೂ ಹೋಗಿರಲಿಲ್ಲ. ಆ ಶನಿವಾರ ಬೆಳಿಗ್ಗೆ ಸಾಮಾನು ಇಟ್ಟುಬರುವ ನೆಪದಲ್ಲಿ ಅಪ್ಪನನ್ನು ಪಕ್ಕಕ್ಕೆ ಕೂಡಿಸಿಕೊಂಡು ಹೊರಟಳು. ಮಲ್ಕಮ್ಮ ಬುತ್ತಿ ಕೊಡುತ್ತ, ಮಗಳಿಗೆ ಬೈಯಬ್ಯಾಡ್ರಿ, ಬಸ್ಸಿನ ಹೊಸ ಡ್ರೈವರಗಳಿಗೆ ಬೈದಂಗ ಅಲ್ಲ ಎಂದು ಗಂಡನಿಗೆ ತಾಕೀತು ಮಾಡಿದಳು.

ಕಾರಿಗೆ ಕೀಲಿ ತಿರುವುವ ಕೆಲಸವೇ ಇರಲಿಲ್ಲ. ಬ್ರೇಕು ತುಳಿದು ಗುಂಡಿ ಒತ್ತಿದರೆ ಸಾಕು. ಬೆಲ್ಟು ಹಾಕದಿದ್ದರೆ ಒದರುತ್ತಿತ್ತು, ಗೆರೆ ದಾಟಿದರೆ ಒದರುತ್ತಿತ್ತು, ಎಂಬತ್ತರ ಮೇಲೆ ಹೋದರೆ ಒದರುತ್ತಿತ್ತು. ಹ್ಯಾಂಡ್‌ಬ್ರೇಕು ಎಂಬುದು ಬೆರಳಿನಿಂದ ಎತ್ತುವ ಒಂದು ಚೋಟುದ್ದದ ಗುಂಡಿ. ನಮ್ಮ ಅತ್ತೆಯೂ ಇಷ್ಟು ಒದರಿರಲಿಲ್ಲ ಎಂದು ದಶರಥ ನಗೆಯಾಡಿದ. ಆಮೇಲೆ ಅವನೇ ಮಗಳಿಗೆ ಒಂದೊಂದೇ ಹೇಳಿಕೊಡುತ್ತ ಹೋದ. ಪರದೆ ನೋಡಬೇಕಾದರೆ ಗಾಡಿ ನಿಲ್ಲಿಸಿ ನೋಡು. ಮುಂದಿನ ಗಾಡಿಯ ಹಿಂದಿನ ಗಾಲಿ ನೆಲಕ್ಕೆ ತಾಗಿದ್ದು ಕಾಣುವಷ್ಟಾದರೂ ದೂರ ಇರಲಿ. ಕಬ್ಬಿನ ಟ್ರ್ಯಾಕ್ಟರಿಗೆ ಹಿಂದೆ ದೀಪ ಇರುವುದಿಲ್ಲ, ಸಂಜೆಯಾದರೆ ನಿನ್ನ ದೀಪ ತಾನೇ ಹತ್ತುತ್ತದೆ ನಿಜ, ಅವನದು ಹತ್ತುವುದಿಲ್ಲ. ಎಮ್ಮೆ ರಸ್ತೆ ದಾಟಿತೆಂದು ಬ್ರೇಕಿನಿಂದ ಕಾಲು ತೆಗೆಯಬೇಡ, ಹಿಂದೆ ಕರು ಇರುತ್ತದೆ. ಎಮ್ಮೆಯ ಮಾತು ಕೇಳಿ ಮೈತ್ರಿ, ಅದನ್ನು ನನಗ ಕಾಲೇಜಿನಾಗ ಐದು ವರ್ಷ ಕಲಿಸ್ಯಾರ ಎಂದು ನಕ್ಕಳು.

ಹೊಲಗಳಲ್ಲಿ ತೊಗರಿ ಹೂ ಬಿಟ್ಟಿತ್ತು. ಒಂದೊಂದು ಕ್ರಾಸು ಬಂದಾಗಲೂ ದಶರಥನಿಗೆ ಅಲ್ಲಿ ಹತ್ತುತ್ತಿದ್ದವರ ಮುಖ ನೆನಪಾಗುತ್ತಿತ್ತು. ಮೇಕೆಗೆ ಅರ್ಧ ಟಿಕೆಟ್ಟು ಕೊಡು ಎಂದು ಜಗಳ ತೆಗೆಯುತ್ತಿದ್ದ ಮುದುಕಿ, ಚಳಿಗಾಲದಲ್ಲಿ ಬಾನೆಟ್ಟಿನ ಬಿಸಿಗೆಂದೇ ಮುಂದೆ ಬಂದು ಕೂಡುತ್ತಿದ್ದ ಬಾಣಂತಿಯರು. ಎಲ್ಲರ ಹೆಸರೂ ಹಸನಸಾಬನಿಗೆ ಗೊತ್ತಿದ್ದವು. ದಶರಥನಿಗೆ ಮುಖಗಳಷ್ಟೇ, ಅವೂ ಕನ್ನಡಿಯಲ್ಲಿ.

ಅರ್ಧ ದಾರಿಯಲ್ಲಿ ಒಂದು ಹಳ್ಳಿಯ ಬೇವಿನ ಗಿಡದ ಕೆಳಗೆ ಪೇರಲ ಕಂಡು ಮೈತ್ರಿ ಗಾಡಿ ನಿಲ್ಲಿಸಿದಳು. ಕಟ್ಟೆಯ ಮೇಲೆ ಬುಟ್ಟಿ ಇಟ್ಟು ಕೂತವಳು ಸಾಬವ್ವ ಎಂಬ ಮುದುಕಿ. ಹಣ್ಣು ತಗೊಂಡು ತಿರುಗಿ ಬರುವಷ್ಟರಲ್ಲಿ ಮುಂದೆ ಒಂದು ಲಾರಿ ಬಂದು ನಿಂತಿತ್ತು. ಗಾಡಿ ಹಿಂದಕ್ಕೆ ತಗೊಂಡೇ ಹೊರಡಬೇಕು. ಮೈತ್ರಿ ಅಪ್ಪನ ಮುಖ ನೋಡಿದಳು. ತಾ ಇಲ್ಲಿ ಎಂದು ದಶರಥ ಚಾಲಕನ ಸೀಟಿಗೆ ಬಂದ. ಪರದೆಯಲ್ಲಿ ಹಿಂದಿನದೆಲ್ಲ ಕಾಣುತ್ತದೆ ಎಂದು ಮಗಳು ಹೇಳಿದಳು. ಮೂವತ್ತೊಂದು ವರ್ಷ ಕನ್ನಡಿ ನೋಡಿದ ಕಣ್ಣು ಕನ್ನಡಿಗೇ ಹೋಯಿತು. ಕಟ್ಟೆ ಗಿಡ್ಡ. ಕನ್ನಡಿಯಲ್ಲಿ ಬೇವಿನ ಗಿಡ ದೂರ ಕಂಡಿತು, ಕಟ್ಟೆ ಕಾಣಲಿಲ್ಲ.

ಗಾಡಿ ಹಿಂದೆ ಸರಿಯಿತು. ಟೀಂಕ್… ಟೀಂಕ್… ಎಂದು ನಿಧಾನವಾಗಿ ಸದ್ದು ಬಂತು. ಜಾಗ ಕಡಿಮೆ ಇರಬೇಕೆಂದು ದಶರಥ ಹುಷಾರಾದ. ಅಷ್ಟರಲ್ಲಿ ಸದ್ದು ಚುರುಕಾಯಿತು. ಟೀಂಕ್ ಟೀಂಕ್ ಟೀಂಕ್. ತಗಡಿನ ಮೇಲೆ ಕೈ ಬಡಿದ ಹಾಗೆ. ಬರ್ಲಿ ಬರ್ಲಿ ಬರ್ಲಿ ಉಸ್ತಾದ್. ಅವನ ಎದೆಯಲ್ಲಿ ಏನೋ ಹಗುರಾಯಿತು, ಯಾವ ಕಾಲದಲ್ಲಿದ್ದೇನೆ ಎಂಬುದೇ ಒಂದು ಚಣ ಮರೆತುಹೋಯಿತು. ಕಾಲು ತಾನಾಗಿ ಆಕ್ಸಿಲರೇಟರು ಒತ್ತಿತು. ಸದ್ದು ಒಂದೇ ಸಮನೆ ಕೂಗಿತು. ಗಾಡಿ ತನಗೆ ತಾನೇ ಧಡಕ್ಕನೆ ನಿಂತಿತು.

ಇಳಿದು ನೋಡಿದರೆ ಕಟ್ಟೆಗೂ ಬಂಪರಿಗೂ ನಡುವೆ ಒಂದು ಗೇಣು. ಕಟ್ಟೆಯ ಅಂಚಿನಲ್ಲಿ ಇಳಿಬಿಟ್ಟಿದ್ದ ಕಾಲನ್ನು ಸಾಬವ್ವ ಎಳೆದುಕೊಂಡು ಕೂತಿದ್ದಳು.

"ಗಾಡಿ ಇಷ್ಟು ಒದರಾಕತ್ತದ, ಕಿವಿ ಇಲ್ಲೇನೋ ಯಪ್ಪಾ ನಿನಗ?"

ಮೈತ್ರಿ ಅವಳ ಕಾಲು ಮುಟ್ಟಿ ನೋಡಿ, ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಅಪ್ಪನ ಪರವಾಗಿ ಮಾತಾಡಿದಳು. "ಅಪ್ಪಗ ಕೇಳಿಸಿಲ್ಲಬೇ ಆಯಿ. ಸಿಟ್ಟಾಗಬ್ಯಾಡ."

ದಶರಥ ಬೇವಿನ ಗಿಡಕ್ಕೆ ಕೈ ಊರಿ ನಿಂತಿದ್ದ. ಅದೇ ಮಾತು. ಅವನು ಕೇಳದೆಯೇ ಮಗಳು ಅವನಿಗಾಗಿ ಎತ್ತಿಕೊಟ್ಟಿದ್ದಳು.

"ಕೇಳಿಸಿತ್ತು," ಎಂದ.

ಮಗಳು ತಿರುಗಿ ನೋಡಿದಳು. ಚುರುಕಾಗಿ ಬಡಿದರೆ ಜಾಗ ಅದ ಅಂತ ನಮ್ಮ ಲೆಕ್ಕ ಎಂದು ಅವನು ಸಾಬವ್ವನಿಗೂ ಮಗಳಿಗೂ ಸೇರಿಸಿ ಹೇಳಿ, ಮುದುಕಿಗೆ ಕೈ ಮುಗಿದ. ಹಂಗಾದ್ರ ಈ ಗಾಡಿ ತಿರುಗಾಮುರುಗಾ ಅದ ಬಿಡು ಎಂದು ಸಾಬವ್ವ ಅವನ ಕೈಗೆ ಒಂದು ಪೇರಲ ಇಟ್ಟಳು. ಕಾರಿನಲ್ಲಿ ಕೂತ ಮೇಲೂ ಅವನು ಅದನ್ನು ಕಚ್ಚಲಿಲ್ಲ.

"ಇವತ್ತು ತಪ್ಪು ತಿಳ್ಕೊಂಡೆ ಮೈತ್ರಿ. ಮಣ್ಣೂರಾಗ ತಪ್ಪು ತಿಳ್ಕೊಂಡಿದ್ದಿಲ್ಲ. ಹಸನಸಾಬ ಏಟು ಹೊಡೆದ. ಚಂದಂಗ ಕೇಳಿಸ್ತು. ತಡ ಆಗಿತ್ತು, ಇನ್ನೊಂದು ಮೊಳ ಜಾಗ ಅದ ಅಂತ ನಾನೇ ತಗೊಂಡೆ. ಆಮ್ಯಾಲೆ ಕೇಳಿಸಿಲ್ಲ ಅಂತ ಬರದೆ."

ಮೈತ್ರಿ ಬೆಲ್ಟು ಹಾಕಿಕೊಂಡಳು, ಬ್ರೇಕು ತುಳಿದು ಗುಂಡಿ ಒತ್ತಿದಳು, ಈ ಸಲ ತಾನೇ ಮೆಲ್ಲಗೆ ಗಾಡಿ ತಿರುಗಿಸಿ ರಸ್ತೆಗೆ ತಂದಳು. ಎರಡು ಊರು ದಾಟಿದವು. ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.

"ನನ್ನ ಮದುವಿಗಿ ಕಾಕಾ ಯಾಕ ಬರಲಿಲ್ಲ ಅಂತ ಕೇಳಿದ್ದೆ. ನಮಗ ತೋರಸಾಕ ಅವಂಗ ಮಾರಿ ಇಲ್ಲ ಅಂದಿದ್ದಿ ನೀ," ಎಂದಳು ಕೊನೆಗೆ.

"ಕರದೇ ಇದ್ದಿಲ್ಲ ನಾ ಅವನಿಗಿ."

ಅವಳ ಕಣ್ಣು ತುಂಬಿದ್ದವು. ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಅಷ್ಟನ್ನು ಅಪ್ಪನಿಂದಲೇ ಕಲಿತಿದ್ದಳು.

ಜೇವರ್ಗಿಯ ಅವಳ ಕೋಣೆಯಲ್ಲಿ ಕುರ್ಚಿ ಕೂಡ ಇರಲಿಲ್ಲ. ದಶರಥ ನೆಲಕ್ಕೆ ಕೂತು, ಹಾಸಿಗೆಯ ಸುರುಳಿಯ ಮೇಲೆ ಹಲಗೆ ಇಟ್ಟು, ಮಗಳು ಕೊಟ್ಟ ಹಾಳೆಯಲ್ಲಿ ಬರೆದ. ಎರಡನೆಯ ಸಾಲು ದಾಟಿತು. ಹತ್ತನೆಯದೂ ದಾಟಿತು. ಬರೆದದ್ದನ್ನು ಓದಿ ಹೇಳು ಎಂದು ಮೈತ್ರಿ ಬಾಗಿಲಿಗೆ ಒರಗಿ ನಿಂತಳು. ಅವನು ಓದಿದ.

"ಹಸನಸಾಬ, ಮಣ್ಣೂರಿನಲ್ಲಿ ನೀನು ಹೊಡೆದ ಏಟು ನನಗೆ ಕೇಳಿಸಿತ್ತು. ಕೇಳಿಸಲಿಲ್ಲ ಎಂದು ಬರೆದದ್ದು ಸುಳ್ಳು. ತಪ್ಪು ನನ್ನದು, ಶಿಕ್ಷೆ ನಿನಗೆ ಆಯಿತು. ಬಿಲ್ಲೆ ನನಗೆ ಬಂತು, ಅದನ್ನು ಒಂದು ದಿನವೂ ಹಾಕಿಕೊಳ್ಳಲಿಲ್ಲ. ಡಿಪೊದವರಿಗೂ ಒಂದು ಕಾಗದ ಬರೆದು ಇದರ ಜೊತೆ ಇಡುತ್ತೇನೆ. ಅದನ್ನು ಕೊಡುವುದು ಬಿಡುವುದು ನಿನಗೆ ಬಿಟ್ಟದ್ದು."

ಮೈತ್ರಿ ತಲೆ ಅಲ್ಲಾಡಿಸಿದಳು. "ಅದನ್ನೂ ಅವನ ತಲಿ ಮ್ಯಾಲೇ ಹೊರಸಾಕತ್ತೀಯೇನಪ್ಪಾ? ಡಿಪೊಕ್ಕ ನೀನೇ ಹೋಗು."

ದಶರಥ ಪೆನ್ನು ತಗೊಂಡು ಕೊನೆಯ ಎರಡು ಸಾಲಿಗೆ ಗೆರೆ ಎಳೆದು ಕಾಟು ಹಾಕಿದ. ಸೋಮವಾರ ನಾನೇ ಡಿಪೊಕ್ಕೆ ಹೋಗಿ ನಿಜ ಬರೆದುಕೊಡುತ್ತೇನೆ, ಬಿಲ್ಲೆಯನ್ನೂ ಒಪ್ಪಿಸುತ್ತೇನೆ ಎಂದು ಬರೆದ. ಮೆಹರಾಜಬೇಗಂ ಅವರಿಗೆ ನನ್ನ ಶರಣು ಹೇಳು, ಅವರ ಹುಳಿಬೇಳೆಯ ರುಚಿ ಇನ್ನೂ ಬಾಯಲ್ಲಿದೆ, ಕರೆದರೆ ಬರುತ್ತೇನೆ, ಕರೆಯದಿದ್ದರೂ ತಪ್ಪು ತಿಳಿಯುವುದಿಲ್ಲ ಎಂದು ಸೇರಿಸಿದ. ನಾನೂ ಒಂದು ಸಾಲು ಬರೀತೀನಿ ಎಂದು ಮೈತ್ರಿ ಪೆನ್ನು ಇಸಿದುಕೊಂಡಳು. ಏನು ಬರೆದಳೆಂದು ಅಪ್ಪನಿಗೆ ತೋರಿಸದೆ ಹಾಳೆ ಮಡಿಚಿದಳು.

ಅಂಚೆ ಕಚೇರಿಯಲ್ಲಿ ಜನ ಕಡಿಮೆ ಇದ್ದರು. ಕಿಟಕಿಯ ಆಚೆ ಕೂತಿದ್ದ ಹೆಣ್ಣುಮಗಳು ಲಕೋಟೆಯನ್ನು ತೂಗಿ, ಕಳಿಸುವವರ ಹೆಸರು ಬರೆದಿಲ್ಲವಲ್ಲ ಎಂದು ವಾಪಸು ಕೊಟ್ಟಳು. ದಶರಥ ನಿಂತಲ್ಲೇ, ಗೋಡೆಗೆ ಲಕೋಟೆ ಹಚ್ಚಿ, ತನ್ನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದ. ಕೆಳಗೆ ಡ್ರೈವರ್ ಎಂದೂ ಬರೆದ. ಅವಳು ಮುದ್ರೆ ಒತ್ತಿ, ಲಕೋಟೆಯನ್ನು ಹೊರಡುವ ಚೀಲದೊಳಗೆ ಹಾಕಿದಳು.