ಬಾಗಿಲು ಹಾಕಿದಾಗ ಒಳಗಿದ್ದವರು

ತಾನು ಆ ರಾಗವನ್ನು ನಿಜವಾಗಿ ಕೇಳಿಸಿಕೊಂಡಿದ್ದನೋ, ಇಲ್ಲ ಅದು ಆಗಲೇ ತನ್ನ ಬೆರಳ ತುದಿಯಲ್ಲಿತ್ತೋ? ವಕೀಲೆಯ ಕೋಣೆಯ ಗಟ್ಟಿ ಕುರ್ಚಿಯಲ್ಲಿ ಕೂತು ಗಿಟಾರಿನವನು ಇದನ್ನೇ ಹಿಂದೆಮುಂದೆ ತಿರುಗಿಸಿ ನೋಡುತ್ತಿದ್ದ. ಇನ್ನೊಬ್ಬರ ಶಿಳ್ಳೆ ಗೊತ್ತಾಗದೆ ಬೆರಳಿಗೆ ಇಳಿಯುವುದುಂಟು. ಗೊತ್ತಾಗಿಯೂ ಇಳಿಯುವುದುಂಟು.

ಪಕ್ಕದಲ್ಲಿ ಅವನ ಅಕ್ಕನ ಗಂಡ, ಬ್ಯಾಂಡಿನಲ್ಲಿ ಡ್ರಮ್ ಬಾರಿಸುವ ಭಾವ. ಆಚೆ ತುದಿಯಲ್ಲಿ ಹಾಡುಗಾರ. ಅವನ ಗಂಟಲಿನ ಪ್ರತಾಪಕ್ಕೆ ಎಲ್ಲರೂ ಅವನನ್ನು ಗುಡುಗು ಎಂದೇ ಕರೆಯುತ್ತಿದ್ದರು. ಅವರ ಹಳೆಯ ಹಾಡೊಂದನ್ನು ಸಿನಿಮಾದವರು ಕೇಳಿಕೊಂಡು ಬಂದಿದ್ದರು. ಒಪ್ಪಂದಕ್ಕೆ ಮೊದಲು ಹಾಡಿನ ಒಡೆಯರು ಯಾರೆಂದು ತೀರ್ಮಾನವಾಗಬೇಕಿತ್ತು.

"ಹಾಡು ಮಾಡಿದ್ದು ಮೂರೂ ಜನಾನಾ?" ವಕೀಲೆ ಕೇಳಿದಳು.

"ನಮ್ಮದೊಂದು ಕಟ್ಟಳೆ ಇದೆ ಮೇಡಂ," ಎಂದ ಗುಡುಗು. "ಹಾಡು ಹುಟ್ಟೋವಾಗ ಬಾಗಿಲು ಹಾಕಿರುತ್ತೆ. ಒಳಗಿದ್ದೋರಿಗೆ ಸಮಪಾಲು. ಹೊರಗಿದ್ದೋರು ಆಮೇಲೆ ಬಂದು ಬಾರಿಸಬಹುದು, ಕುಣೀಬಹುದು, ಪಾಲು ಮಾತ್ರ ಇಲ್ಲ."

"ಇಂಥ ಕಟ್ಟಳೆ ಮಾಡಿದ ಪುಣ್ಯಾತ್ಮ ಯಾರು?"

"ನಾನೇ," ಭಾವ ನಕ್ಕ. "ಒಂದೊಂದು ಸಾಲಿಗೂ ಇವರಿಬ್ಬರು ಬೆಕ್ಕುಗಳ ಹಾಗೆ ಕಚ್ಚಾಡ್ತಿದ್ರು. ಬಾಗಿಲೇ ಸಾಕ್ಷಿ ಹೇಳ್ಲಿ ಅಂದೆ."

"ಈ ಹಾಡಿಗೆ ನೀವು ಒಳಗಿದ್ರಾ?"

"ಎಲ್ಲಿಂದ! ವ್ಯಾನಿಂದ ಡ್ರಮ್ ಹೊರೋ ಕತ್ತೆ ಕೆಲಸದಲ್ಲಿದ್ದೆ. ಮೇಲೆ ಬರೋಷ್ಟರಲ್ಲಿ ಇವನು ಹಾಡು ಹುಟ್ಟಿಸಿ ಕೂತಿದ್ದ. ಇಬ್ಬರದೇ ಹೆಸರು ಹಾಕಿ."

ಅವರು ಹಾಡು ಕಟ್ಟುತ್ತಿದ್ದದ್ದು ಗ್ಯಾರೇಜಿನ ಮೇಲಿನ ಕೋಣೆಯಲ್ಲಿ. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಹಳೆಯ ಹಾಸಿಗೆ ಹೊಡೆದಿದ್ದರು. ಬಾಗಿಲು ಮಾತ್ರ ಚೌಕಟ್ಟಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಕಬ್ಬಿಣದ ಮೆಟ್ಟಿಲ ತಿರುವಿನಲ್ಲಿ ಡ್ರಮ್ ಇಳಿಸಿ ದಣಿವಾರಿಸಿಕೊಳ್ಳುವಾಗ ಭಾವನಿಗೆ ಶಿಳ್ಳೆ ಹಾಕುವ ಅಭ್ಯಾಸ. ಅವತ್ತು ಆ ಶಿಳ್ಳೆ ಮೇಲಕ್ಕೇರಿ, ಬೀಳಲೋ ಬೇಡವೋ ಎಂಬಂತೆ ಒಂದು ಕ್ಷಣ ನಿಂತು, ಜಾರಿತು. ಗಿಟಾರಿನವನ ಕೈ ಅದರ ಹಿಂದೆಯೇ ಹೋಯಿತು. "ಅದೇ, ಅದೇ! ಬಿಡಬೇಡ!" ಎಂದು ಗುಡುಗು ಕೂಗಿದ್ದ.

ಭಾವ ಏದುಸಿರು ಬಿಡುತ್ತ ಒಳಗೆ ಬಂದು, ತಲೆ ವಾರೆ ಮಾಡಿ ಕೇಳಿದ್ದ. "ಚೆನ್ನಾಗಿದೆ ಕಣೋ. ಎಲ್ಲೋ ಕೇಳಿದ ಹಾಗಿದೆ."

"ಒಳ್ಳೆ ರಾಗ ಎಲ್ಲಾ ಹಾಗೇ ಅನ್ಸುತ್ತೆ ಭಾವ," ಎಂದಿದ್ದ ಅವನು. ಕಣ್ಣು ತಂತಿಯ ಮೇಲಿತ್ತು.

ಹಾಗಾದರೆ ಆಗಲೇ ಗೊತ್ತಿತ್ತು. ಗೊತ್ತಿಲ್ಲದವನು ಅಷ್ಟು ಬೇಗ ಉತ್ತರ ಕೊಡುವುದಿಲ್ಲ.

"ಸರಿ, ಇಬ್ಬರು," ಎಂದಳು ವಕೀಲೆ.

"ಒಂದು ನಿಮಿಷ," ಎಂದ ಗಿಟಾರಿನವನು. ಮೂವರೂ ತಿರುಗಿದರು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆದಾಗ ಬೇರೆಯದೇ ಬಂತು. "ನನ್ನ ಪಾಲಲ್ಲಿ ಅರ್ಧ ಭಾವಂಗೆ ಬರೀರಿ."

"ಓಹೋ, ದಾನಶೂರ!" ಗುಡುಗು ಚಪ್ಪಾಳೆ ತಟ್ಟಿದ. "ನನ್ನ ಕಡೆ ಮಾತ್ರ ನೋಡಬೇಡ್ರಪ್ಪಾ."

"ಬೇಡ ಕಣೋ," ಭಾವ ಗಾಬರಿಯಾದ. "ನಾನೇ ಮಾಡಿದ ಕಟ್ಟಳೆ ನನಗೋಸ್ಕರ ಮುರಿಯೋದಾ?"

"ಮುರೀತಿಲ್ಲ ಭಾವ. ನನ್ನದನ್ನ ನಾನು ಕೊಡ್ತಿದೀನಿ."

ನನ್ನದು ಎಂಬ ಮಾತು ಎಣ್ಣೆ ಹಚ್ಚಿದ ಹಾಗೆ ಹೊರಬಂತು. ಭಾವನ ಕಣ್ಣಲ್ಲಿ ನೀರಾಡಿತು. ಕೋಲು ಹಿಡಿದು ಜಡ್ಡುಗಟ್ಟಿದ ಅಂಗೈಯನ್ನು ಅವನ ಹೆಗಲ ಮೇಲಿಟ್ಟ.

ಸಂಜೆ ಅಕ್ಕ ಫೋನ್ ಮಾಡಿದಳು. "ಬಂದಾಗಿಂದ ನಿನ್ನ ಗುಣಗಾನಾನೇ ಕಣೋ. ಊಟಕ್ಕೂ ಕೂತಿಲ್ಲ. ನನ್ನ ತಮ್ಮ ಚಿನ್ನ ಅಂತ ನಾನು ಮೊದಲೇ ಹೇಳಿರ್ಲಿಲ್ವಾ?"

"ಇರ್ಲಿ ಬಿಡಕ್ಕ," ಎಂದ.

ಆಮೇಲೆ ಆ ಹಾಡನ್ನು ಎಷ್ಟೋ ವೇದಿಕೆಗಳಲ್ಲಿ ಹಾಡಿದರು. ಪ್ರತಿ ಸಲವೂ ಭಾವ ಡ್ರಮ್‌ಗಳ ನಡುವಿನಿಂದ ಎದ್ದು ನಿಂತು, "ಇದು ನನ್ನ ಭಾಮೈದ ಮಾಡಿದ ಹಾಡು!" ಎಂದು ಹೆಮ್ಮೆಯಿಂದ ಕೂಗುತ್ತಿದ್ದ. ಜನ ಶಿಳ್ಳೆ ಹೊಡೆಯುತ್ತಿದ್ದರು. ಗಿಟಾರಿನವನು ತಲೆ ಬಗ್ಗಿಸಿ, ಶ್ರುತಿ ಸರಿಯಿದ್ದರೂ ತಂತಿ ಬಿಗಿಯುತ್ತಿದ್ದ.

ರಾಗ ನಿಮ್ಮದು ಭಾವ ಎಂದು ಅವನು ಒಂದು ದಿನವೂ ಹೇಳಲಿಲ್ಲ.